ರೋಗಿಯ ಮಗ್ಗುಲಲ್ಲಿ ಕಳೆದ ಗಂಟೆಗಳು



ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಿಂದ ನನ್ನ ಫೋನಿಗೆ ಬಿಡುವಿರುವುದಿಲ್ಲ. ನೆಂಟರು, ನೆರೆಯವರು, ಹಳೆಯ ವಿದ್ಯಾರ್ಥಿಗಳ ಊರಿನವರು, ಒಮ್ಮೊಮ್ಮೆ ಗುರುತೇ ಇಲ್ಲದವರು. ಎಲ್ಲರೂ ಕೇಳುವುದು ಒಂದೇ: "ಮೇಡಂ, ಮಗಳನ್ನ ಬಿಎಸ್ಸಿ ನರ್ಸಿಂಗ್‌ಗೆ ಸೇರಿಸೋಣ ಅಂತಿದ್ದೀವಿ. ಎಷ್ಟು ಪರ್ಸೆಂಟ್ ಇರಬೇಕು?" ನಾನು ಹೇಳುತ್ತೇನೆ. "ಅಷ್ಟು ಬಂದಿದೆ ಮೇಡಂ" ಎಂದು ಸಮಾಧಾನದಿಂದ ಫೋನಿಡುತ್ತಾರೆ. 31 ವರ್ಷ ನರ್ಸಿಂಗ್ ಪಾಠ ಹೇಳಿ ನಿವೃತ್ತಳಾದವಳು ನಾನು. ಕಾಲೇಜಿನ ಒಳಗೆ ಹೋಗಲು ಏನು ಬೇಕು ಎಂದು ಕೇಳಿದವರು ನೂರಾರು ಜನ. ಅಲ್ಲಿಂದ ಪದವಿ ಹಿಡಿದು ಹೊರಗೆ ಬರಲು ಏನು ಬೇಕು ಎಂದು ಕೇಳಿದವರನ್ನು ಬೆರಳ ಮೇಲೆ ಎಣಿಸಬಹುದು. ಇವತ್ತು ಆಕಾಶವಾಣಿ ಕೊಟ್ಟಿರುವ ಈ ಹೊತ್ತನ್ನು ಆ ಎರಡನೆಯ ಪ್ರಶ್ನೆಗೇ ಇಟ್ಟುಕೊಂಡಿದ್ದೇನೆ.

ಮೊದಲ ಪ್ರಶ್ನೆಯನ್ನು ಬೇಗ ಮುಗಿಸಿಬಿಡೋಣ. ಬಿಎಸ್ಸಿ ನರ್ಸಿಂಗ್ ಸೇರುವವರಿಗೆ ಆ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ, ಆ ಮೂರೂ ಸೇರಿ ಶೇಕಡಾ 45 ಅಂಕ ಬಂದಿರಬೇಕು. ಇಂಗ್ಲಿಷಿನಲ್ಲಿ ಪಾಸಾಗಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಶೇಕಡಾ 40 ಸಾಕು. ದೇಹದಾರ್ಢ್ಯದ ಬಗ್ಗೆ ವೈದ್ಯರ ಸರ್ಟಿಫಿಕೇಟು ಬೇಕು. ನಮ್ಮ ರಾಜ್ಯದಲ್ಲಿ ಸರ್ಕಾರಿ ಸೀಟಿಗೆ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿ ಬರೆಯಬೇಕು. ಇದು ಹುಡುಗಿಯರ ಓದು ಎಂದು ಇನ್ನೂ ಅಂದುಕೊಂಡಿರುವವರಿಗೆ ಒಂದು ಮಾತು: ಗಂಡುಮಕ್ಕಳೂ ಬರುತ್ತಾರೆ, ಬರಬೇಕು. ತುರ್ತು ಚಿಕಿತ್ಸಾ ಘಟಕದಲ್ಲಿ ನನ್ನ ಕೈಕೆಳಗೆ ಕಲಿತ ಅತ್ಯಂತ ಮೃದು ಕೈಯ ವಿದ್ಯಾರ್ಥಿ ಒಬ್ಬ ಹುಡುಗ.

ಇನ್ನು ಎರಡನೆಯದು. ದೇಶದ ನರ್ಸಿಂಗ್ ಶಿಕ್ಷಣದ ಅಳತೆಗೋಲನ್ನು ಗೊತ್ತುಮಾಡಿಕೊಂಡು ಬಂದದ್ದು 1947ರ ಕಾಯ್ದೆಯಡಿ ಹುಟ್ಟಿದ ಭಾರತೀಯ ಶುಶ್ರೂಷಾ ಪರಿಷತ್ತು. ಕರ್ನಾಟಕದಲ್ಲಿ ಪರೀಕ್ಷೆ ನಡೆಸಿ ಪದವಿ ಕೊಡುವುದು 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. 2021-22ರಿಂದ ಪಠ್ಯಕ್ರಮ ಬದಲಾಗಿದೆ. ಮೊದಲು ವರ್ಷಕ್ಕೊಂದು ಪರೀಕ್ಷೆ ಇತ್ತು. ಈಗ 4 ವರ್ಷಕ್ಕೆ 8 ಸೆಮಿಸ್ಟರು. ಕೊನೆಯದೊಂದನ್ನು ಬಿಟ್ಟರೆ ಒಂದೊಂದು ಸೆಮಿಸ್ಟರಿನಲ್ಲಿ 20 ವಾರ, ವಾರಕ್ಕೆ 40 ಗಂಟೆ, ಒಟ್ಟು 800 ಗಂಟೆ. ಹೆಚ್ಚೆಂದರೆ 8 ವರ್ಷದೊಳಗೆ ಎಲ್ಲ ಮುಗಿಸಬೇಕು. ಪ್ರತಿ ವಿಷಯದಲ್ಲಿ ಥಿಯರಿಗೂ ಪ್ರಾಕ್ಟಿಕಲ್‌ಗೂ ಬೇರೆ ಬೇರೆಯಾಗಿ ಶೇಕಡಾ 50 ಅಂಕ ಬರಬೇಕು. ಒಂದರಲ್ಲಿ 70 ಬಂದಿದೆ, ಇನ್ನೊಂದರಲ್ಲಿ 40, ಎರಡನ್ನೂ ಸೇರಿಸಿ ಪಾಸು ಮಾಡಿ ಅನ್ನುವ ಹಾಗಿಲ್ಲ. ಪುಸ್ತಕ ಬಾಯಿಪಾಠ ಮಾಡಿದವರು ಕೈಕೆಲಸದಲ್ಲಿ ಸೋತರೆ ಸೋತ ಹಾಗೆಯೇ. ಕೈ ಚುರುಕಾಗಿದ್ದು ಔಷಧಶಾಸ್ತ್ರ ತಲೆಗೆ ಹತ್ತದಿದ್ದರೂ ಅಷ್ಟೇ.

ಹಾಜರಿಯ ನಿಯಮವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪರೀಕ್ಷೆಗೆ ಕೂರಬೇಕಾದರೆ ತರಗತಿಯಲ್ಲಿ ಶೇಕಡಾ 80, ಪ್ರಾಕ್ಟಿಕಲ್‌ನಲ್ಲಿ ಶೇಕಡಾ 80 ಹಾಜರಿ ಬೇಕು. ಇದು ಹೆಚ್ಚಿನವರಿಗೆ ಗೊತ್ತು. ಅದರ ಕೆಳಗೆ ಇನ್ನೊಂದು ಸಾಲಿದೆ. ಪದವಿ ಕೈಗೆ ಬರುವ ಮುಂಚೆ ಪ್ರತಿಯೊಂದು ಪ್ರಾಕ್ಟಿಕಲ್ ವಿಭಾಗದಲ್ಲೂ ಹಾಜರಿ ಶೇಕಡಾ 100 ಆಗಿರಬೇಕು. ಅಂದರೆ ಪಾಠದ ಕೋಣೆಯಲ್ಲಿ ಐದರಲ್ಲಿ ಒಂದು ಭಾಗ ತಪ್ಪಿದರೆ ಕ್ಷಮೆ ಉಂಟು. ವಾರ್ಡಿನಲ್ಲಿ ತಪ್ಪಿದ ದಿನಕ್ಕೆ ಕ್ಷಮೆ ಇಲ್ಲ, ಆ ದಿನವನ್ನು ತಿರುಗಿ ಬಂದು ತುಂಬಿಕೊಡಲೇಬೇಕು. ಮದುವೆ ಇತ್ತು, ಜ್ವರ ಇತ್ತು, ಊರಹಬ್ಬ ಇತ್ತು, ಯಾವ ಕಾರಣವೂ ನಡೆಯುವುದಿಲ್ಲ. ಇಡೀ ನಿಯಮಾವಳಿಯಲ್ಲಿ ನನಗೆ ಬಹಳ ಪ್ರೀತಿಯ ಸಾಲು ಇದು. ಇದನ್ನು ಬರೆದವರು ಯಾರೋ ರಾತ್ರಿ ಪಾಳಿ ಮಾಡಿದವರೇ ಇರಬೇಕು ಅನಿಸುತ್ತದೆ.

ಹೊಸ ಪದ್ಧತಿಯಲ್ಲಿ ಕ್ರೆಡಿಟ್ ಲೆಕ್ಕ ಬಂದಿದೆ. ಮಕ್ಕಳು ಇದನ್ನು ಅಂಕದ ಇನ್ನೊಂದು ಹೆಸರು ಅಂದುಕೊಳ್ಳುತ್ತಾರೆ. ಹಾಗಲ್ಲ, ಅದು ದುಡಿಮೆಯ ಲೆಕ್ಕ. ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರ್ ಪಾಠ ಕೇಳಿದರೆ ಒಂದು ಕ್ರೆಡಿಟ್. ಬೊಂಬೆಯ ಮೇಲೆ ಅಭ್ಯಾಸ ಮಾಡುವ ಸ್ಕಿಲ್ ಲ್ಯಾಬ್‌ನಲ್ಲಿ ಅದೇ ಒಂದು ಕ್ರೆಡಿಟ್‌ಗೆ ವಾರಕ್ಕೆ 2 ಗಂಟೆ ಬೇಕು. ಆಸ್ಪತ್ರೆಯ ವಾರ್ಡಿನಲ್ಲಾದರೆ ವಾರಕ್ಕೆ 4 ಗಂಟೆ. ಮೊದಲ ಸೆಮಿಸ್ಟರಿನ ನರ್ಸಿಂಗ್ ಫೌಂಡೇಶನ್ ವಿಷಯವನ್ನೇ ತೆಗೆದುಕೊಳ್ಳಿ. ಪಾಠ 120 ಗಂಟೆ, ಲ್ಯಾಬು 80 ಗಂಟೆ, ವಾರ್ಡು 160 ಗಂಟೆ. ಒಬ್ಬ ವಿದ್ಯಾರ್ಥಿನಿ ಒಮ್ಮೆ ಕೇಳಿದಳು, "ಮ್ಯಾಮ್, ವಾರ್ಡಲ್ಲಿ ನಾಲ್ಕು ಪಟ್ಟು ದುಡಿದರೂ ಒಂದೇ ಕ್ರೆಡಿಟ್ಟಾ? ಅನ್ಯಾಯ ಅಲ್ವಾ?" ನ್ಯಾಯವಾದ ಪ್ರಶ್ನೆಯೇ. ನಾನು ಅವಳಿಗೆ ಹೇಳಿದ್ದು ಇಷ್ಟು: ಪಾಠದಲ್ಲಿ ನಾನು ಒಂದು ಗಂಟೆಯಲ್ಲಿ ಹೇಳಿದ್ದು ನಿನ್ನ ಕೈಗೆ ಇಳಿಯಬೇಕಾದರೆ ಕಡಿಮೆಯೆಂದರೂ ನಾಲ್ಕು ಗಂಟೆ ಹಿಡಿಯುತ್ತದೆ, ಆ ಲೆಕ್ಕ ಹಾಕಿದವರು ಅದನ್ನು ನೋಡಿಯೇ ಹಾಕಿದ್ದಾರೆ.

ಕೈಗೆ ಇಳಿಯುವುದು ಅಂದರೆ ಏನು? ಒಂದು ಉದಾಹರಣೆ ಕೊಡುತ್ತೇನೆ. ಹೆರಿಗೆ ಆಗಿದೆ. ಮಗು ಅತ್ತಿದೆ. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟಾಗಿದೆ, ಕಸ ಬಿದ್ದಿದೆ. ಹೊರಗೆ ಅಜ್ಜಿ ಸಕ್ಕರೆ ಹಂಚುತ್ತಿದ್ದಾರೆ. ಎಲ್ಲರ ಕಣ್ಣೂ ಮಗುವಿನ ಮೇಲೆ. ಆಗ ನರ್ಸ್ ಒಬ್ಬಳು ತಾಯಿಯ ಹೊಕ್ಕುಳ ಹತ್ತಿರ ಅಂಗೈ ಇಟ್ಟು ನಿಂತಿರಬೇಕು. ಹೆತ್ತ ಗರ್ಭಕೋಶ ಅಲ್ಲಿ ಕೈಗೆ ಸಿಗುತ್ತದೆ. ಅದು ಗಟ್ಟಿಯಾಗಿ, ಸುಲಿದ ತೆಂಗಿನಕಾಯಿಯ ಹಾಗೆ ಸಿಕ್ಕರೆ ಸರಿ. ನಾದಿದ ಹಿಟ್ಟಿನ ಹಾಗೆ ಮೆತ್ತಗಿದ್ದರೆ ಒಳಗೆ ರಕ್ತ ಹೋಗುತ್ತಿದೆ ಎಂದು ಅನುಮಾನಪಡಬೇಕು. ಕೂಡಲೇ ತಿಕ್ಕಿ ಗಟ್ಟಿ ಮಾಡಬೇಕು, ಮೂತ್ರಕೋಶ ತುಂಬಿದೆಯೇ ನೋಡಬೇಕು, ಡಾಕ್ಟರನ್ನು ಕರೆಯಬೇಕು. 15 ನಿಮಿಷಕ್ಕೊಮ್ಮೆ ಹೀಗೆ ಮೊದಲ 2 ಗಂಟೆ, ಅಂದರೆ ಎಂಟು ಸಲ ಕೈಯಿಟ್ಟು ನೋಡಬೇಕು. ನಮ್ಮ ದೇಶದಲ್ಲಿ ತಾಯಂದಿರನ್ನು ಕೊಲ್ಲುವ ಕಾರಣಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವ ದೊಡ್ಡದು. ಅದು ಬಹಳ ಬೇಗ ಆಗಿಹೋಗುತ್ತದೆ.

ಈ ಗಟ್ಟಿ ಮತ್ತು ಈ ಮೆತ್ತಗೆ, ಇವೆರಡರ ವ್ಯತ್ಯಾಸವನ್ನು ನಾನು ಕಪ್ಪುಹಲಗೆಯ ಮೇಲೆ ಹೇಗೆ ಬರೆಯಲಿ? ಚಿತ್ರ ಬಿಡಿಸಬಹುದು, ಬೊಂಬೆಯ ಮೇಲೆ ತೋರಿಸಬಹುದು. ರಬ್ಬರಿನ ಬೊಂಬೆ ಯಾವಾಗಲೂ ಒಂದೇ ಥರ ಇರುತ್ತದೆ. ಹತ್ತು ತಾಯಂದಿರ ಹೊಟ್ಟೆಯ ಮೇಲೆ ಕೈಯಿಟ್ಟವಳಿಗೆ ಹನ್ನೊಂದನೆಯವಳ ಹೊಟ್ಟೆ ಮಾತಾಡುತ್ತದೆ. ಕೇಸ್ ಬುಕ್ಕಿನಲ್ಲಿ ಇಷ್ಟು ಬಸುರಿಯರ ತಪಾಸಣೆ, ಇಷ್ಟು ಹೆರಿಗೆ, ಇಷ್ಟು ಬಾಣಂತಿಯರ ಆರೈಕೆ ಎಂದು ಸಂಖ್ಯೆ ಗೊತ್ತುಮಾಡಿರುವುದು ಇದಕ್ಕಾಗಿ. ಆ ಪುಟಗಳಿಗೆ ಶಿಕ್ಷಕಿಯ ಸಹಿ ಬೀಳುವುದು ಕಣ್ಣಾರೆ ನೋಡಿದ ಮೇಲೆ.

ಬೀಳಬೇಕಾದದ್ದು ಹಾಗೆ. ನಡೆಯುವುದು ಯಾವಾಗಲೂ ಹಾಗಲ್ಲ, ಅದನ್ನೂ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಹೊರಗಿನ ಪರೀಕ್ಷಕಿಯಾಗಿ ಒಂದು ಕಾಲೇಜಿಗೆ ಹೋಗಿದ್ದೆ. ಯಾವ ಕಾಲೇಜು ಎನ್ನುವುದು ಬೇಡ. ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತಿತ್ತು. ಒಬ್ಬ ಹುಡುಗಿ ತನ್ನ ರೆಕಾರ್ಡು ಮುಂದಿಟ್ಟಳು. ನೀಲಿ ಬೈಂಡು, ದುಂಡಗಿನ ಅಕ್ಷರ, ಹಸಿರು ಶಾಯಿಯಲ್ಲಿ ತಲೆಬರಹ, ಪ್ರತಿ ಪುಟಕ್ಕೂ ಸಹಿ, ದಿನಾಂಕ, ಸೀಲು. ಅಷ್ಟು ಅಚ್ಚುಕಟ್ಟಾದ ರೆಕಾರ್ಡನ್ನು ನಾನು ನೋಡಿದ್ದೇ ಕಡಿಮೆ. ಹಾಸಿಗೆಯಲ್ಲಿದ್ದ ವಯಸ್ಸಾದ ಹೆಂಗಸನ್ನು ತೋರಿಸಿ, "ಬಿ.ಪಿ. ನೋಡಮ್ಮ" ಅಂದೆ. ಅವಳು ಪಟ್ಟಿಯನ್ನು ರವಿಕೆಯ ತೋಳಿನ ಮೇಲೆಯೇ ಸುತ್ತಿದಳು. ಕೊಳವೆಗಳು ಮೇಲ್ಮುಖವಾಗಿದ್ದವು. ಸ್ಟೆತಾಸ್ಕೋಪನ್ನು ಮೊಣಕೈ ಮೇಲೆ ಎಲ್ಲೋ ಒತ್ತಿ, ಗಾಳಿ ತುಂಬಿ, ಬಿಟ್ಟು, ನನ್ನ ಮುಖ ನೋಡದೆ ಹೇಳಿದಳು: "ನೂರ ಇಪ್ಪತ್ತು, ಎಂಬತ್ತು." ನಾನು ನೋಡಿದಾಗ ಆ ಅಜ್ಜಿಗೆ 168, 98 ಇತ್ತು.

ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡೆ. ಗದರಲಿಲ್ಲ. ಆ ವರ್ಷ ಎಷ್ಟು ದಿನ ವಾರ್ಡಿಗೆ ಹೋಗಿದ್ದೀಯ ಎಂದು ಕೇಳಿದೆ. ಎರಡು ದಿನ ಅಂದಳು. ಅಳತೊಡಗಿದಳು. ಊರಲ್ಲಿ ಅಪ್ಪ ಸಾಲ ಮಾಡಿ ಫೀಸು ಕಟ್ಟಿದ್ದರು. ಕಾಲೇಜಿನವರು ಬರೆಯಲು ರೆಕಾರ್ಡು ಕೊಟ್ಟಿದ್ದರೇ ಹೊರತು ಹೋಗಲು ವಾರ್ಡು ಕೊಟ್ಟಿರಲಿಲ್ಲ. ಆ ಮಗುವಿಗೆ ನಾನು ಅಂಕ ಹಾಕಲಿಲ್ಲ. ಹಾಕಲು ಆಗುತ್ತಿರಲಿಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಮೋಸ ಹೋದವಳು ಅವಳು, ಫೇಲಾದವಳೂ ಅವಳೇ. ಸಹಿ ಹಾಕಿದ ಕೈಗೆ ಏನೂ ಆಗಲಿಲ್ಲ. ಇವತ್ತಿಗೂ ಆ ನೂರ ಇಪ್ಪತ್ತು, ಎಂಬತ್ತು ಎಂಬ ಮಾತು ಕಿವಿಯಲ್ಲಿದೆ. ಅದು ಪುಸ್ತಕದಲ್ಲಿರುವ ಸಂಖ್ಯೆ. ಕೇಳಿಸದೇ ಇದ್ದಾಗ ಹೇಳುವ ಸಂಖ್ಯೆ.

ಹೀಗಾಗಿ ಫೋನು ಮಾಡುವ ತಂದೆತಾಯಿಗಳಿಗೆ ನಾನು ಬೇಡಿಕೊಳ್ಳುವುದು ಒಂದೇ. "ಕಾಲೇಜಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು, ಹಾಜರಿ ನಾವು ನೋಡಿಕೊಳ್ತೀವಿ" ಎಂದು ಯಾರಾದರೂ ಏಜೆಂಟರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದು ಸೌಕರ್ಯ ಅಲ್ಲ. ನಿಮ್ಮ ಮಗುವಿನ ಕೈಗೆ ಬರಬೇಕಾದ ವಿದ್ಯೆಯನ್ನು ನಿಮ್ಮ ದುಡ್ಡಿನಲ್ಲೇ ಕಸಿಯುವ ವ್ಯಾಪಾರ. ಕಾಲೇಜು ನೋಡಲು ಹೋದಾಗ ಕಟ್ಟಡದ ಗಾಜು ನೋಡಬೇಡಿ. ಇವರದೇ ಆಸ್ಪತ್ರೆ ಎಲ್ಲಿದೆ, ಎಷ್ಟು ಹಾಸಿಗೆ, ಅದರಲ್ಲಿ ಎಷ್ಟು ತುಂಬಿವೆ ಎಂದು ಕೇಳಿ. ಕಡಿಮೆಯೆಂದರೂ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಎನ್ನುವುದು ಪರಿಷತ್ತಿನ ನಿಯಮ. ಒಬ್ಬ ವಿದ್ಯಾರ್ಥಿಗೆ 3 ರೋಗಿಗಳಾದರೂ ಸಿಗಬೇಕು, 10 ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರಾದರೂ ಇರಬೇಕು. ಬೆಳಗ್ಗೆ ಎಂಟು ಗಂಟೆಗೆ ಆ ಆಸ್ಪತ್ರೆಯ ಬಾಗಿಲಲ್ಲಿ ಸುಮ್ಮನೆ ಅರ್ಧ ಗಂಟೆ ನಿಲ್ಲಿ. ಯೂನಿಫಾರ್ಮ್ ಹಾಕಿದ ಮಕ್ಕಳು ಗುಂಪಾಗಿ ಒಳಗೆ ಹೋಗುತ್ತಿದ್ದರೆ, ಅವರ ಹಿಂದೆ ಒಬ್ಬ ಶಿಕ್ಷಕಿ ನಡೆಯುತ್ತಿದ್ದರೆ, ಅಲ್ಲಿ ಸೇರಿಸಿ.

ನರ್ಸಿಂಗ್ ಓದಿನ ಹುಟ್ಟೇ ಹಾಸಿಗೆಯ ಪಕ್ಕದ್ದು. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದಾಗ ವಾರ್ಡೇ ಶಾಲೆಯಾಗಿತ್ತು. ನಮ್ಮ ದೇಶದಲ್ಲೂ ಬಹುಕಾಲ ಹಾಗೆಯೇ ನಡೆಯಿತು. ಹೆಣ್ಣುಮಕ್ಕಳು ಆಸ್ಪತ್ರೆಯಲ್ಲಿ ದುಡಿಯುತ್ತಾ ಕಲಿತರು. ಕಲಿಕೆಗಿಂತ ದುಡಿತವೇ ಹೆಚ್ಚಾದ ಕಾಲವೂ ಇತ್ತು. ಆ ನೋವಿನಿಂದಲೇ ಇದಕ್ಕೊಂದು ವಿಶ್ವವಿದ್ಯಾಲಯದ ಪದವಿ ಬೇಕು ಎಂಬ ಮಾತು ಗಟ್ಟಿಯಾಯಿತು. 1946ರಲ್ಲಿ ದೆಹಲಿಯಲ್ಲೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ ನರ್ಸಿಂಗ್ ಪದವಿ ತರಗತಿಗಳು ಶುರುವಾದವು. ದೆಹಲಿಯದು ಇವತ್ತು ರಾಜಕುಮಾರಿ ಅಮೃತ್ ಕೌರ್ ಹೆಸರಿನ ಕಾಲೇಜು. ಹೀಗೆ ಬಂದ ಪದವಿ, ದುಡಿತಕ್ಕೆ ವಿದ್ಯೆಯನ್ನು ಸೇರಿಸಿತು. ಈಗ ಕೆಲವರು ದುಡಿತವನ್ನೇ ಕಿತ್ತುಹಾಕಿ ಬರೀ ಕಾಗದ ಉಳಿಸಲು ಹೊರಟಿದ್ದಾರೆ. ನನಗೆ ಸಿಟ್ಟು ಬರುವುದು ಅಲ್ಲಿ.

ಓದು ಕಷ್ಟವೇ? ಕಷ್ಟ. ಮೊದಲ ಸೆಮಿಸ್ಟರಿನಲ್ಲಿ ಅಂಗರಚನೆ, ಶರೀರಕ್ರಿಯೆ, ಸಮಾಜಶಾಸ್ತ್ರ, ಮನಃಶಾಸ್ತ್ರ ಒಟ್ಟಿಗೆ ಮೈಮೇಲೆ ಬರುತ್ತವೆ. ಆಮೇಲೆ ಜೀವರಸಾಯನ, ಆಹಾರಶಾಸ್ತ್ರ, ಸೂಕ್ಷ್ಮಾಣುಗಳು, ಔಷಧಗಳು, ರೋಗಲಕ್ಷಣಗಳು. ನಡುವೆ ಪ್ರಥಮ ಚಿಕಿತ್ಸೆ, ನಿಂತ ಎದೆಬಡಿತವನ್ನು ಮರಳಿಸುವುದು, ಹುಟ್ಟಿದ ಕೂಸಿನ ಆರೈಕೆ ಇಂಥವನ್ನು ಪ್ರತ್ಯೇಕವಾಗಿ ಕಲಿತು ತೋರಿಸಬೇಕು. ಐದನೆಯ ಸೆಮಿಸ್ಟರಿನಿಂದ ಮಕ್ಕಳ ವಾರ್ಡು, ಮನೋರೋಗಿಗಳ ಆರೈಕೆ, ಹಳ್ಳಿಯ ಮನೆಮನೆ ಭೇಟಿ ಶುರು. ಮನೋರೋಗದ ಪೋಸ್ಟಿಂಗಿಗೆ ನಮ್ಮ ರಾಜ್ಯದ ಮಕ್ಕಳು ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂದು ಊರು ಬಿಟ್ಟು ಹೋಗುವುದುಂಟು. ಹೆದರಿಕೊಂಡು ಹೋಗುತ್ತಾರೆ. ಅಲ್ಲಿ ಕೇರಂ ಆಡುತ್ತಾ ಪಕ್ಕದಲ್ಲಿ ಕೂತವರ ಕಥೆ ಕೇಳಿ, ವಾಪಸ್ ಬರುವಾಗ ಕಣ್ಣೊರೆಸಿಕೊಂಡು ಬರುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಮೊದಲ ವರ್ಷ ಇಂಗ್ಲಿಷ್ ಪುಸ್ತಕ ಬೆಟ್ಟದ ಹಾಗೆ ಕಾಣುತ್ತದೆ. ಎಷ್ಟೋ ಮಕ್ಕಳು ನನ್ನ ಮುಂದೆ ಬಂದು, ಬಿಟ್ಟು ಹೋಗುತ್ತೇನೆ ಎಂದು ನಿಂತಿದ್ದಾರೆ. ಅವರನ್ನು ಕೈಹಿಡಿದು ವಾರ್ಡಿಗೆ ಕರೆದುಕೊಂಡು ಹೋಗುತ್ತಿದ್ದೆ. ಒಬ್ಬ ಅಜ್ಜ "ಹೊಟ್ಟೆ ತೊಳೆಸ್ತದೆ" ಅನ್ನುತ್ತಾನೆ, ಇನ್ನೊಬ್ಬಳು "ಕಣ್ಣಿಗೆ ಕತ್ತಲೆ ಕಟ್ಟುತ್ತೆ" ಅನ್ನುತ್ತಾಳೆ, ಮತ್ತೊಬ್ಬರು "ಎದೆ ಹಿಂಡಿದ ಹಾಗಾಗುತ್ತೆ, ಎಡಗೈ ಜೋಮು" ಅನ್ನುತ್ತಾರೆ. "ಹೊಟ್ಟೆ ಹುಣ್ಣು, ಹೊಟ್ಟೆ ಉಬ್ಬರ, ಹೊಟ್ಟೆ ಕಿವುಚೋದು, ಇವೆಲ್ಲ ಬೇರೆ ಬೇರೆ ಎಂದು ನಿನಗೆ ಯಾರಾದರೂ ಹೇಳಿಕೊಡಬೇಕಾ?" ಎಂದು ಕೇಳುತ್ತಿದ್ದೆ. ಬೇಡ ಅನ್ನುತ್ತಿದ್ದರು. ರೋಗಿಯ ಮಾತನ್ನು ಸರಿಯಾಗಿ ಹಿಡಿದು, ಅದಕ್ಕೆ ಪುಸ್ತಕದ ಹೆಸರು ಹುಡುಕುವುದನ್ನು ಕಲಿತರೆ ಆಯಿತು. ಆ ಹೆಸರು ಆರು ತಿಂಗಳಲ್ಲಿ ನಾಲಿಗೆಗೆ ಬರುತ್ತದೆ. ಆ ಮಾತು ಬರಬೇಕಾದರೆ ಆ ಊರಲ್ಲೇ ಬೆಳೆದಿರಬೇಕು. ಕೇರಳದಿಂದ, ಬಂಗಾಳದಿಂದ, ನೇಪಾಳದಿಂದ ಬಂದ ಮಕ್ಕಳು ನಮ್ಮ ಕಾಲೇಜುಗಳಲ್ಲಿ ಓದುತ್ತಾ, ಈ ಮಾತುಗಳನ್ನು ಚಿಕ್ಕ ಡೈರಿಯಲ್ಲಿ ಬರೆದುಕೊಂಡು ಕಲಿಯುವುದನ್ನು ಕಂಡಿದ್ದೇನೆ. ಅವರ ಶ್ರದ್ಧೆಗೆ ಕೈಮುಗಿಯಬೇಕು.

ಹಾಜರಿಯ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಇದರ ಮೇಲೆ ನನಗೂ ಒಬ್ಬ ತಾಯಿಗೂ ಜಗಳವೇ ಆಗಿತ್ತು. ಅವರ ಮಗಳಿಗೆ ಮಕ್ಕಳ ವಾರ್ಡಿನ ಪೋಸ್ಟಿಂಗಿನಲ್ಲಿ 9 ದಿನ ಕಡಿಮೆ ಬಿದ್ದಿತ್ತು. ಮನೆಯಲ್ಲಿ ಅಕ್ಕನ ಮದುವೆ. ತಾಯಿ ಬಂದು, "ಒಂಬತ್ತೇ ದಿನ ತಾನೇ ಮೇಡಂ, ಒಂದು ಸಹಿ ಹಾಕಿಬಿಡಿ, ದಸರೆಗೆ ಮಗಳು ಮನೆಗೆ ಬರಲಿ" ಎಂದರು. ನಾನು ಒಪ್ಪಲಿಲ್ಲ. ಅವರು ಬೇಜಾರು ಮಾಡಿಕೊಂಡರು, ನಾಲ್ಕು ಮಾತು ಆಡಿದರು, ಹೋದರು. ಹುಡುಗಿ ದಸರಾ ರಜೆಯಲ್ಲಿ ಹಾಸ್ಟೆಲಿನಲ್ಲೇ ಉಳಿದಳು. ನಾಲ್ಕನೆಯ ದಿನವೋ ಐದನೆಯ ದಿನವೋ ನಾನು ವಾರ್ಡಿಗೆ ಹೋದಾಗ ಅವಳು ಒಂದು ಪುಟ್ಟ ಮಗುವಿನ ಮಂಚದ ಪಕ್ಕ ಗ್ಲೂಕೋಸ್ ಬಾಟಲಿಯ ಕೆಳಗಿನ ಹನಿ ಕೋಣೆಯನ್ನೇ ನೋಡುತ್ತಾ, ತುಟಿ ಆಡಿಸುತ್ತಾ ನಿಂತಿದ್ದಳು. ವಾಂತಿಭೇದಿಯಿಂದ ಬಂದ ಮಗು, ಕಣ್ಣು ಗುಳಿ ಬಿದ್ದಿತ್ತು.

ಮಕ್ಕಳಿಗೆ ಹಾಕುವ ಮೈಕ್ರೋಡ್ರಿಪ್ ಸೆಟ್ಟಿನಲ್ಲಿ 60 ಹನಿಗೆ ಒಂದು ಮಿಲಿಲೀಟರ್. ಆದ್ದರಿಂದ ಗಂಟೆಗೆ ಎಷ್ಟು ಮಿಲಿಲೀಟರ್ ಹೋಗಬೇಕೋ ನಿಮಿಷಕ್ಕೆ ಅಷ್ಟೇ ಹನಿ ಬೀಳಬೇಕು. ಗಂಟೆಗೆ 24 ಎಂದರೆ ನಿಮಿಷಕ್ಕೆ 24 ಹನಿ. ಇದು ಒಂದು ಸಾಲಿನ ಲೆಕ್ಕ, ತರಗತಿಯಲ್ಲಿ ಎಲ್ಲರಿಗೂ ಬರುತ್ತದೆ. ಮಗು ಕೈ ಮಡಚಿದರೆ ಹನಿ ನಿಲ್ಲುತ್ತದೆ. ಎತ್ತಿಕೊಂಡರೆ ವೇಗ ಬದಲಾಗುತ್ತದೆ. ತಾಯಿ ಹಾಲೂಡಿಸಲು ಮಗ್ಗುಲು ತಿರುಗಿದರೆ ಮತ್ತೆ ಬದಲು. ಅಷ್ಟು ಸಣ್ಣ ಮೈಗೆ ಅರ್ಧ ಗಂಟೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ನೀರು ಹೋದರೆ ಅಪಾಯ, ಕಡಿಮೆ ಹೋದರೂ ಅಪಾಯ. ಹುಡುಗಿ ನನ್ನನ್ನು ನೋಡಿ ಮಾತಾಡಲಿಲ್ಲ, ಬೆರಳೆತ್ತಿ ತಡೆಯಿರಿ ಎಂದು ಸನ್ನೆ ಮಾಡಿದಳು. ನಿಮಿಷ ಮುಗಿದ ಮೇಲೆ, "ಇಪ್ಪತ್ತೊಂದು ಮ್ಯಾಮ್, ಮೂರು ಕಡಿಮೆ" ಎಂದು ಗಾಲಿಯನ್ನು ಕೂದಲೆಳೆಯಷ್ಟು ಸಡಿಲಿಸಿ, ಮತ್ತೆ ಎಣಿಸಲು ಶುರುಮಾಡಿದಳು. ನನ್ನನ್ನು ಕಾಯಿಸಿದ ಆ ಬೆರಳು ನೋಡಿ ನನಗೆ ಎಷ್ಟು ಸಂತೋಷವಾಯಿತು ಎಂದು ಹೇಳಲಾರೆ. ಆ ತಾಯಿ ಕೇಳಿದ್ದು ಈ ಒಂಬತ್ತು ದಿನಗಳನ್ನು ಬಿಟ್ಟುಬಿಡಿ ಎಂದು.

ಏಳು ಸೆಮಿಸ್ಟರ್ ಮುಗಿಸಿದರೆ ಎಂಟನೆಯದು ಪೂರ್ತಿ ಇಂಟರ್ನ್‌ಶಿಪ್. 22 ವಾರ, ವಾರಕ್ಕೆ 48 ಗಂಟೆ, ಒಟ್ಟು 1056 ಗಂಟೆ. ದೊಡ್ಡವರ ವಾರ್ಡುಗಳಲ್ಲಿ 6 ವಾರ, ಮಕ್ಕಳ ವಿಭಾಗ, ಹೆರಿಗೆ, ಮನೋರೋಗ, ಸಮುದಾಯ ಆರೋಗ್ಯ ಇವುಗಳಲ್ಲಿ 4 ವಾರದಂತೆ. ಪಾಳಿಯಲ್ಲಿ ಕೆಲಸ, ರಾತ್ರಿ ಡ್ಯೂಟಿಯೂ ಸೇರಿ. ಇಲ್ಲಿ ಅವರು ವಿದ್ಯಾರ್ಥಿಯೂ ಹೌದು, ನರ್ಸೂ ಹೌದು. ಬೆಳಗಿನ ಜಾವ ಮೂರೂವರೆ ಗಂಟೆಗೆ, ಇಡೀ ವಾರ್ಡು ಮಲಗಿರುವಾಗ, ಪಾರ್ಶ್ವವಾಯು ಬಡಿದು ಮಲಗಿದ ಒಬ್ಬರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬ ಚೀಟಿ ಗೋಡೆಯ ಮೇಲಿರುತ್ತದೆ. ನೋಡುವವರು ಯಾರೂ ಇಲ್ಲ. ಬದಲಿಸದಿದ್ದರೂ ಚಾರ್ಟಿನಲ್ಲಿ ಟಿಕ್ ಹಾಕಬಹುದು. ಬದಲಿಸಿದರೆ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವಲ್ಲಿ, ಚರ್ಮ ಕೆಂಪಗಾಗಿರುವುದು ಕಾಣುತ್ತದೆ. ಬೆರಳಿಂದ ಒತ್ತಿದರೆ ಬಿಳಿಯಾಗಿ ಮತ್ತೆ ಕೆಂಪಾದರೆ ಇನ್ನೂ ಹೊತ್ತು ಮೀರಿಲ್ಲ. ಒತ್ತಿದರೂ ಕೆಂಪು ಹಾಗೇ ಉಳಿದರೆ ಹಾಸಿಗೆ ಹುಣ್ಣು ಆಗಲೇ ಶುರುವಾಗಿದೆ. ಇಂಥದನ್ನು ಕಂಡು, ಬೆಳಗ್ಗೆ ಪಾಳಿ ಬದಲಾಗುವಾಗ ಮುಂದಿನವಳಿಗೆ ಬಾಯಿಬಿಟ್ಟು ಹೇಳಿ ಹೋದ ಇಂಟರ್ನಿಗೆ ನಾನು ಯಾವ ಪರೀಕ್ಷೆಯನ್ನೂ ಮಾಡಬೇಕಾಗಿಲ್ಲ.

ಪದವಿ ಬಂದ ಮೇಲೆ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ನರ್ಸ್ ಆಗಿಯೂ ಸೂಲಗಿತ್ತಿಯಾಗಿಯೂ, ಎರಡೂ ನೋಂದಣಿ ಆಗುತ್ತದೆ. ಅದಿಲ್ಲದೆ ಕೆಲಸ ಮಾಡುವ ಹಾಗಿಲ್ಲ. ಜಿಎನ್‌ಎಂ ಡಿಪ್ಲೊಮಾ ಮಾಡಿಕೊಂಡು ಆಗಲೇ ಕೆಲಸದಲ್ಲಿರುವ ಸೋದರಿಯರು ಈ ಮಾತು ಕೇಳುತ್ತಿದ್ದರೆ, ನಿಮಗೂ ದಾರಿ ಇದೆ: 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ. ನಿಮ್ಮ ಕೈಗೆ ಆಗಲೇ ಬಂದಿರುವ ವಿದ್ಯೆಗೆ ಅದು ಪದವಿಯನ್ನು ಜೋಡಿಸುತ್ತದೆ.

ಹೊರದೇಶದ ಆಸೆ ಇರುವವರು ಬಹಳ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಕೊಲ್ಲಿ ದೇಶಗಳಲ್ಲಿ, ಇಂಗ್ಲೆಂಡಿನಲ್ಲಿ, ಐರ್ಲೆಂಡಿನಲ್ಲಿ ನರ್ಸ್ ಆಗಿರುವ ಮಗಳೋ ಸೊಸೆಯೋ ಇದ್ದಾಳೆ. ಅಮೆರಿಕಕ್ಕೆ ಹೋಗುವವರು ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಬೇಕು. ಅದಕ್ಕೂ ಮುಂಚೆ ನಿಮ್ಮ ಟ್ರಾನ್ಸ್‌ಕ್ರಿಪ್ಟ್ ಕೇಳುತ್ತಾರೆ. ಅದರಲ್ಲಿ ಅಂಕ ಮಾತ್ರ ಇರುವುದಿಲ್ಲ. ಯಾವ ವಿಷಯ ಎಷ್ಟು ಗಂಟೆ ಓದಿದ್ದೀರಿ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಕೆಲಸ ಮಾಡಿದ್ದೀರಿ ಎಂದು ಬಿಡಿಬಿಡಿಯಾಗಿ ಬರೆದಿರಬೇಕು. ಇಲ್ಲಿ ಒಬ್ಬರು ಸಹಿ ಮಾಡಿದ ಗಂಟೆಗಳನ್ನು ನಂಬಿ ಸಾವಿರಾರು ಮೈಲಿ ದೂರದಲ್ಲಿ ಯಾರೋ ತಮ್ಮ ತಂದೆಯನ್ನು ನಿಮ್ಮ ಕೈಗೆ ಒಪ್ಪಿಸುತ್ತಾರೆ.

ಸೀಟು ಸಿಕ್ಕಿತು, ಮೊದಲ ಪೋಸ್ಟಿಂಗಿಗೆ ಏನು ಕೊಡಿಸಲಿ ಎಂದು ಕೆಲವು ತಂದೆಯರು ಕೇಳುತ್ತಾರೆ. ಮೊಬೈಲು, ಲ್ಯಾಪ್‌ಟಾಪು ಎಂದು ಅವರ ಮನಸ್ಸಿನಲ್ಲಿರುತ್ತದೆ. ಸೆಕೆಂಡಿನ ಮುಳ್ಳಿರುವ ಒಂದು ಸಾದಾ ಗಡಿಯಾರ ಕೊಡಿಸಿ ಅನ್ನುತ್ತೇನೆ. ನಾಡಿ ಎಣಿಸಲು ಅದು ಬೇಕು, ಹನಿ ಎಣಿಸಲು ಅದು ಬೇಕು, ಉಸಿರು ಎಣಿಸಲು ಅದಿಲ್ಲದೆ ಆಗದು. ಉಸಿರು ಎಣಿಸುತ್ತಿದ್ದೇವೆ ಎಂದು ರೋಗಿಗೆ ಗೊತ್ತಾದರೆ ಉಸಿರಿನ ಲಯ ಬದಲಾಗಿಬಿಡುತ್ತದೆ. ಅದಕ್ಕೆ ನಾವು ಕಲಿಸುವ ಉಪಾಯ ಒಂದಿದೆ. ನಾಡಿ ಎಣಿಸಿ ಮುಗಿದರೂ ಮಣಿಕಟ್ಟಿನ ಮೇಲಿನ ಬೆರಳು ತೆಗೆಯಬಾರದು. ನಾಡಿಯನ್ನೇ ನೋಡುತ್ತಿರುವ ಹಾಗೆ ನಿಂತು, ಓರೆಗಣ್ಣಿನಲ್ಲಿ ಎದೆ ಏರಿಳಿಯುವುದನ್ನು ಎಣಿಸಬೇಕು. ಮಕ್ಕಳಾದರೆ ಅಂಗಿ ಎತ್ತಿ ಹೊಟ್ಟೆ ನೋಡಬೇಕು, ಅಳುತ್ತಿದ್ದರೆ ಅಳು ನಿಲ್ಲುವವರೆಗೆ ಕಾಯಬೇಕು. ಎರಡು ತಿಂಗಳು ತುಂಬದ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಐದು ವರ್ಷದೊಳಗಿನದಕ್ಕೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರಾಟ, ನ್ಯುಮೋನಿಯಾ ಇರಬಹುದು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬಾರದು. ಪೂರ್ತಿ ಅರವತ್ತು ಸೆಕೆಂಡು ನಿಲ್ಲಬೇಕು.

ಆ ಒಂದು ನಿಮಿಷ ಎಷ್ಟು ಉದ್ದ ಎಂದು ಮನೆಯಲ್ಲಿ ನೀವೇ ನೋಡಿ. ರಾತ್ರಿ ಮಗು ಮಲಗಿದ ಮೇಲೆ ಪಕ್ಕದಲ್ಲಿ ಗಡಿಯಾರ ಹಿಡಿದು ಕೂತು ಎಣಿಸಿ.